ಕೆಳಗಿನಿಂದ ಮೇಲಕ್ಕೆ ಓದಬೇಕಾದ ಪುಸ್ತಕ

1957ರ ಇಂಗ್ಲೆಂಡಿನಲ್ಲಿ ಇದ್ದೀರಿ ಅಂತಿಟ್ಟುಕೊಳ್ಳಿ. ನಿಮಗೆ ಇಪ್ಪತ್ತೈದು ವರ್ಷ. ಕೈಯಲ್ಲೊಂದು ಕೆಲಸ, ತಲೆ ತುಂಬ ಸ್ಪೋರ್ಟ್ಸ್ ಕಾರಿನ ಹುಚ್ಚು. ಲೋಟಸ್ ಅನ್ನೋ ಪುಟ್ಟ ಕಂಪನಿ ಆ ವರ್ಷ ‘ಸೆವೆನ್’ ಅಂತ ಒಂದು ಕಾರು ಬಿಟ್ಟಿದೆ. ನಾಲ್ಕು ಚಕ್ರ, ಎರಡು ಸೀಟು, ಒಂದು ಎಂಜಿನ್ನು, ಅಷ್ಟೇ. ಬಾಗಿಲೂ ಇಲ್ಲ, ಗಟ್ಟಿ ಛಾವಣಿಯೂ ಇಲ್ಲ. ಪೂರ್ತಿ ತಯಾರಾದ ಕಾರು ಕೊಂಡರೆ ತೆರಿಗೆ ಸೇರಿ 1,036 ಪೌಂಡ್. ಅದನ್ನೇ ಬಿಡಿಭಾಗಗಳಾಗಿ ತಂದು ಮನೆಯಲ್ಲಿ ನೀವೇ ಜೋಡಿಸಿಕೊಂಡರೆ, ರಸ್ತೆಗೆ ಇಳಿಯೋ ಹೊತ್ತಿಗೆ 587 ಪೌಂಡ್. ಅಂದ್ರೆ 449 ಪೌಂಡ್ ಉಳಿತಾಯ. ನೀವು ಯಾವುದನ್ನು ಕೊಳ್ತೀರಿ?

ಒಂದು ತೊಡಕಿತ್ತು. ಬಿಡಿಭಾಗಗಳಿಗೆ ತೆರಿಗೆ ಬೇಡ ಅನ್ನಿಸಿಕೊಳ್ಳಬೇಕಾದರೆ ಅವುಗಳ ಜೊತೆ ‘ಜೋಡಿಸುವ ವಿಧಾನ’ದ ಪುಸ್ತಕ ಕೊಡುವಂತಿರಲಿಲ್ಲ. ಆದರೆ ‘ಬಿಚ್ಚುವ ವಿಧಾನ’ ಕೊಡಬಾರದು ಅಂತ ನಿಯಮದಲ್ಲಿ ಎಲ್ಲೂ ಬರೆದಿರಲಿಲ್ಲ! ಹಾಗಾಗಿ ಲೋಟಸ್‌ನವರು ಕಾರನ್ನು ಬಿಚ್ಚುವುದು ಹೇಗೆ ಅನ್ನೋ ಪುಸ್ತಕ ಕೊಟ್ಟರಂತೆ. ಕೊಂಡವರು ಅದನ್ನು ಕೆಳಗಿನಿಂದ ಮೇಲಕ್ಕೆ, ಕೊನೆಯಿಂದ ಮೊದಲಿಗೆ ಓದಿಕೊಂಡರಾಯ್ತು. ಲೋಟಸ್ ಅಭಿಮಾನಿಗಳು ಇವತ್ತಿಗೂ ನಗುನಗುತ್ತಾ ಹೇಳೋ ಕತೆ ಇದು.

ನಾನು ಈ ಕತೆ ಮೊದಲು ಕೇಳಿದ್ದು 2010ರ ಸುಮಾರಿಗೆ. ಆಗ ಸಾಫ್ಟ್‌ವೇರ್ ಕೆಲಸದ ಮೇಲೆ ಕಾವೆಂಟ್ರಿ ಹತ್ತಿರದ ಒಂದು ಊರಿನಲ್ಲಿದ್ದೆ. ನಮ್ಮಲ್ಲಿ ಗ್ಯಾರೇಜ್ ಅಂದ್ರೆ ಮೆಕ್ಯಾನಿಕ್ ಅಂಗಡಿ. ಅಲ್ಲಿ ಗ್ಯಾರೇಜ್ ಅಂದ್ರೆ ಮನೆಗೆ ಅಂಟಿಕೊಂಡ ಒಂದು ಕೋಣೆ, ಕಾರು ನಿಲ್ಲಿಸೋಕೆ ಅಂತ ಕಟ್ಟಿದ್ದು. ನಿಜದಲ್ಲಿ ಅದರೊಳಗೆ ಕಾರೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಇರುತ್ತೆ. ಪಕ್ಕದ ಮನೆಯ ಹಿರಿಯರೊಬ್ಬರ ಗ್ಯಾರೇಜಿನಲ್ಲಿ ಮಾತ್ರ ಕಾರಿತ್ತು, ಅದೂ ಅವರೇ ಕಟ್ಟಿದ್ದು. ಒಂದು ಶನಿವಾರ ನೋಡೋಕೆ ಹೋದವನು ಮೂರು ತಾಸು ಅಲ್ಲೇ ಕೂತೆ. ತಿಂಗಳು ಕಳೆಯೋದರೊಳಗೆ ನನ್ನ ಗ್ಯಾರೇಜಿನ ಸಾಮಾನೆಲ್ಲ ಹೊರಗೆ ಬಂದಿತ್ತು.

ಬೆಂಗಳೂರಿಗೆ ಫೋನ್ ಮಾಡಿದಾಗ ಅಪ್ಪ ಕೇಳಿದ್ರು, “ಕಾರು ತಗೊಂಡ್ಯೇನೋ?”

“ಇಲ್ಲಪ್ಪ, ಕಟ್ತಾ ಇದ್ದೀನಿ.”

“ಕಟ್ಟೋದಾ? ಮನೆ ಕಟ್ಟಿದ ಹಂಗಾ?”

ಅಪ್ಪ ಎಚ್‌ಎಂಟಿಯ ಟೂಲ್ ರೂಮಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಕಬ್ಬಿಣದ ತುಂಡನ್ನು ಬೆರಳಲ್ಲಿ ಸವರಿಯೇ ಅದು ಎಷ್ಟು ಸಮ ಇದೆ ಅಂತ ಹೇಳಬಲ್ಲವರು. ಅವರಿಗೇ ಈ ಮಾತು ವಿಚಿತ್ರವಾಗಿ ಕೇಳಿಸ್ತು ಅನ್ನೋದು ಆಮೇಲೆ ನನ್ನನ್ನು ಕಾಡಿತು. ಲೋಹದ ಕೆಲಸ ಗೊತ್ತಿಲ್ಲದ ನಾನು ಒಂದು ದೇಶದಲ್ಲಿ ಕಾರು ಕಟ್ಟೋಕೆ ಕೂತಿದ್ದೆ. ಆ ಕೆಲಸವನ್ನು ಅರೆದು ಕುಡಿದಿದ್ದ ಅವರಿಗೆ ಅಂಥದ್ದೊಂದು ಮಾಡಬಹುದು ಅನ್ನೋ ಯೋಚನೆ ಕೂಡ ಬಂದಿರಲಿಲ್ಲ. ಯಾಕೆ? ಉತ್ತರಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

*

ಈ ಕತೆಯ ಬೇರು ‘ಆಸ್ಟಿನ್ ಸೆವೆನ್’ ಅನ್ನೋ ಕಾರಿನಲ್ಲಿದೆ. 1922ರಲ್ಲಿ ಬಂದ ಕಾರದು. ಎಂಜಿನ್ನು ಬರೀ 747 ಸಿಸಿ, ಇವತ್ತಿನ ಒಳ್ಳೆಯ ಬೈಕುಗಳ ಎಂಜಿನ್ನಿನಷ್ಟು. ಸರ್ ಹರ್ಬರ್ಟ್ ಆಸ್ಟಿನ್ ಹದಿನೆಂಟು ವರ್ಷದ ಸ್ಟ್ಯಾನ್ಲಿ ಎಡ್ಜ್ ಎಂಬ ನಕ್ಷೆಗಾರನನ್ನು ತನ್ನ ಮನೆಗೇ ಕರೆಸಿಕೊಂಡು, ಅಲ್ಲಿ ಕೂರಿಸಿ ಇದರ ನಕ್ಷೆ ಬರೆಸಿದ. 1939ರವರೆಗೆ ಸುಮಾರು 2,90,000 ಕಾರುಗಳು ತಯಾರಾದವು. ಇಂಗ್ಲೆಂಡಿನ ಮಧ್ಯಮ ವರ್ಗಕ್ಕೆ ಆ ಕಾಲದಲ್ಲಿ ಅದೇ ಮಾರುತಿ 800.

ಕಾರು ಹಳತಾಗುತ್ತೆ, ಮೈ ತುಕ್ಕು ಹಿಡಿಯುತ್ತೆ. ಆದರೆ ಆಸ್ಟಿನ್ ಸೆವೆನ್‌ನ ಚಾಸಿ, ಎಂಜಿನ್ನು ಸರಳವಾಗಿದ್ದವು, ಕಡಿಮೆ ದುಡ್ಡಿಗೆ ಎಲ್ಲೆಂದರಲ್ಲಿ ಸಿಗುತ್ತಿದ್ದವು. ಹುಡುಗರು ಅದರ ಮೈಯನ್ನು ಕಿತ್ತೆಸೆದು ತಮಗೆ ಬೇಕಾದ ಮೈ ಕೂರಿಸತೊಡಗಿದರು. ಇಂಥ ಕಾರುಗಳಿಗೆ ‘ಸ್ಪೆಷಲ್’ ಅಂತ ಹೆಸರು. 1939ರಲ್ಲಿ ಇಂಥವರೇ ಸೇರಿ ‘750 ಮೋಟಾರ್ ಕ್ಲಬ್’ ಕಟ್ಟಿಕೊಂಡರು. ಕಡಿಮೆ ಖರ್ಚಿನಲ್ಲಿ ಕಾರು ಕಟ್ಟಬೇಕು, ಅದರಲ್ಲೇ ರೇಸು ಓಡಬೇಕು ಅನ್ನೋದು ಅಲ್ಲಿನ ಹುಚ್ಚು. ಆ ಕ್ಲಬ್ಬು ಇವತ್ತಿಗೂ ಇದೆ.

ಆಮೇಲೆ ಯುದ್ಧ ಬಂತು, ಮುಗಿಯಿತು. ದೇಶದ ಕೈಯಲ್ಲಿ ಕಾಸಿರಲಿಲ್ಲ. ತಯಾರಾದ ಹೊಸ ಕಾರುಗಳು ಮೊದಲು ರಫ್ತಿಗೆ ಹೋಗುತ್ತಿದ್ದವು, ಊರಿನವರು ಸರದಿಯಲ್ಲಿ ಕಾಯಬೇಕಿತ್ತು. ಪೆಟ್ರೋಲಿಗೂ ರೇಷನ್. ಆಗ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಕಾಲಿನ್ ಚಾಪ್‌ಮನ್ ಅನ್ನೋ ಹುಡುಗ ಹಳೆಯ ಕಾರು ಕೊಂಡು ಮಾರಿ ನಾಲ್ಕು ಕಾಸು ಮಾಡಿಕೊಳ್ಳುತ್ತಿದ್ದ. 1947ರ ಕೊನೆಯಲ್ಲಿ ಸರಕಾರ ಜನಸಾಮಾನ್ಯರ ಪೆಟ್ರೋಲ್ ರೇಷನ್ನನ್ನೇ ರದ್ದು ಮಾಡಿತು. ಪೆಟ್ರೋಲೇ ಇಲ್ಲದ ಮೇಲೆ ಹಳೆಯ ಕಾರು ಯಾರಿಗೆ ಬೇಕು? ವ್ಯಾಪಾರ ಮುಳುಗಿತು. ಯಾರಿಗೂ ಬೇಡವಾದ ಒಂದು ಆಸ್ಟಿನ್ ಸೆವೆನ್ ಅವನ ಪಾಲಿಗೆ ಉಳಿಯಿತು.

ಗೆಳತಿ ಹೇಝಲ್‌ಳ ಮನೆ ಉತ್ತರ ಲಂಡನ್ನಿನ ಮಸ್ವೆಲ್ ಹಿಲ್‌ನಲ್ಲಿತ್ತು. ಅವರ ಮನೆಯ ಹಿಂದಿನ ಗ್ಯಾರೇಜಿನಲ್ಲಿ ಚಾಪ್‌ಮನ್ ಆ ಕಾರನ್ನು ಬಿಚ್ಚಿ, ಪ್ಲೈವುಡ್ಡು ಮತ್ತು ಅಲ್ಯೂಮಿನಿಯಂ ತಗಡಿನಿಂದ ಹೊಸ ಮೈ ಮಾಡಿ ನಿಲ್ಲಿಸಿದ. 1948ರಲ್ಲಿ ಹಾಗೆ ಹುಟ್ಟಿದ್ದು ಮೊದಲನೇ ಲೋಟಸ್. 1951ರಲ್ಲಿ ಅವನ ಮೂರನೆಯ ಕಾರು 750 ಕ್ಲಬ್ಬಿನ ರೇಸುಗಳಲ್ಲಿ ಎಲ್ಲರನ್ನೂ ಹಿಂದೆ ಹಾಕಿತು. ‘ನಮಗೂ ಇಂಥದ್ದು ಮಾಡಿಕೊಡಪ್ಪ’ ಅಂತ ಜನ ಕೇಳತೊಡಗಿದರು. ಹೇಝಲ್ ಕೊಟ್ಟ 25 ಪೌಂಡ್ ಸಾಲದಲ್ಲಿ 1952ರಲ್ಲಿ ಕಂಪನಿ ಶುರುವಾಯ್ತು. ಅವನ ತಂದೆ ಹಾರ್ನ್ಸಿಯಲ್ಲಿ ನಡೆಸುತ್ತಿದ್ದ ಹೋಟೆಲಿನ ಹಿಂದಿನ ಹಳೆಯ ಕುದುರೆ ಲಾಯವೇ ಕಾರ್ಖಾನೆ. ಎರಡು ವರ್ಷಕ್ಕೆ ಅವರಿಬ್ಬರ ಮದುವೆಯೂ ಆಯಿತು.

ಚಾಪ್‌ಮನ್ ಓದಿದ್ದು ಕಾರಿನ ಎಂಜಿನಿಯರಿಂಗ್ ಅಲ್ಲ. ಕಟ್ಟಡ, ಸೇತುವೆಗಳ ರಚನೆಯ ಎಂಜಿನಿಯರಿಂಗ್. ಅದೇ ಅವನಿಗೆ ದಾರಿ ತೋರಿಸಿತು. ಹಳೆಯ ಕಬ್ಬಿಣದ ರೈಲ್ವೆ ಸೇತುವೆ ನೆನಪಿಸಿಕೊಳ್ಳಿ, ಎಲ್ಲಿ ನೋಡಿದರೂ ತ್ರಿಕೋನಗಳು. ನಾಲ್ಕು ಕಡ್ಡಿ ಸೇರಿಸಿ ಚೌಕ ಮಾಡಿ ಒತ್ತಿದರೆ ಅದು ಓರೆಯಾಗುತ್ತೆ. ಮೂರು ಕಡ್ಡಿಯ ತ್ರಿಕೋನ ಕಡ್ಡಿ ಮುರಿಯುವವರೆಗೂ ಜಪ್ಪಯ್ಯ ಅನ್ನಲ್ಲ. ಅವನ ಆರನೆಯ ಕಾರಿನಲ್ಲಿ ಭಾರದ ಚಾಸಿ ಹೋಗಿ, ಸಣ್ಣ ಕೊಳವೆಗಳನ್ನು ತ್ರಿಕೋನವಾಗಿ ಬೆಸೆದ ಪಂಜರ ಬಂತು. ಪಂಜರ ಹಗುರ ಆದ ಮೇಲೆ ಎಂಜಿನ್ನು ಸಣ್ಣದಾದರೂ ನಡೆಯುತ್ತೆ. ಆ ಕಾರನ್ನು ಕಿಟ್ ಆಗಿ ಮಾರಿದ. ಉಳಿದದ್ದನ್ನು, ಅಂದ್ರೆ ಎಂಜಿನ್ನು, ಗೇರ್‌ಬಾಕ್ಸು, ಆಕ್ಸಲ್ಲನ್ನು, ಕೊಂಡವರು ಯಾವುದೋ ಹಳೆಯ ಫೋರ್ಡಿನಿಂದ ಕಿತ್ತು ತಂದು ಹಾಕಿಕೊಳ್ಳುತ್ತಿದ್ದರು. ಅಂಥ ಕಾರುಗಳು ನೂರರ ಆಸುಪಾಸು ಹೋದವು. 1957ರ ‘ಸೆವೆನ್’ ಅದೇ ದಾರಿಯಲ್ಲಿ ಬಂದದ್ದು. ಮೊದಲ ಸೆವೆನ್‌ಗೆ ಇದ್ದದ್ದು ಫೋರ್ಡಿನ 1,172 ಸಿಸಿ ಎಂಜಿನ್ನು, ಶಕ್ತಿ ಬರೀ 40 ಅಶ್ವಶಕ್ತಿ. ಕಾರು ಹಗುರವಾಗಿದ್ದರಿಂದ ಅಷ್ಟರಲ್ಲೇ ಮಜಾ ಕೊಡುತ್ತಿತ್ತು.

*

ಈಗ ತೆರಿಗೆಯ ವಿಷಯಕ್ಕೆ ಬರೋಣ. ಬ್ರಿಟನ್ನಿನಲ್ಲಿ ‘ಖರೀದಿ ತೆರಿಗೆ’ ಬಂದದ್ದು 1940ರ ಅಕ್ಟೋಬರ್‌ನಲ್ಲಿ, ಯುದ್ಧದ ನಡುವೆ. ಜನ ಐಷಾರಾಮಕ್ಕೆ ದುಡ್ಡು ಸುರಿಯಬಾರದು, ಕಬ್ಬಿಣ-ರಬ್ಬರು ಪೋಲಾಗಬಾರದು ಅನ್ನೋದು ಉದ್ದೇಶ. ಯುದ್ಧ ಮುಗಿದರೂ ತೆರಿಗೆ ಹೋಗಲಿಲ್ಲ (ತೆರಿಗೆಗಳ ಜಾತಕವೇ ಅಂಥದ್ದು). 1950ರ ದಶಕದ ಬಹುಕಾಲ ಕಾರಿನ ಸಗಟು ಬೆಲೆಯ ಅರ್ಧದಷ್ಟು, ಕೆಲವೊಮ್ಮೆ ಅದಕ್ಕೂ ಜಾಸ್ತಿ ತೆರಿಗೆ ಬೀಳುತ್ತಿತ್ತು. ಆದರೆ ಅದು ಬೀಳುತ್ತಿದ್ದದ್ದು ‘ಕಾರಿ’ನ ಮೇಲೆ. ಪೆಟ್ಟಿಗೆಯಲ್ಲಿರುವ ಕೊಳವೆ, ತಗಡು, ನಟ್ಟು-ಬೋಲ್ಟು ಇನ್ನೂ ಕಾರಲ್ಲವಲ್ಲ! ಅದು ಕಾರಾಗೋದು ನಿಮ್ಮ ಗ್ಯಾರೇಜಿನಲ್ಲಿ, ನಿಮ್ಮ ಕೈಯಲ್ಲಿ. ನಿಮ್ಮ ಶನಿವಾರ-ಭಾನುವಾರದ ಬೆವರಿಗೆ ತೆರಿಗೆ ಹಾಕೋ ನಿಯಮ ಇರಲಿಲ್ಲ.

ಸರಕಾರ ಜನರಿಗೆ ಕಾರು ಕಟ್ಟೋದು ಕಲಿಸಬೇಕು ಅಂತ ಯಾವತ್ತೂ ಹೊರಟಿರಲಿಲ್ಲ. ತೆರಿಗೆ ಬರೆದವರು ಒಂದು ಕಡೆ ಸಂದು ಬಿಟ್ಟಿದ್ದರು, ಆ ಸಂದಿನಲ್ಲಿ ಒಂದು ಇಡೀ ಉದ್ಯಮ ಮೊಳಕೆಯೊಡೆಯಿತು. ಲೋಟಸ್ ಮಾತ್ರವಲ್ಲ, ಟಿವಿಆರ್, ಜಿನೆಟಾ, ಮಾರ್ಕೋಸ್ ಎಲ್ಲ ಕಿಟ್ ಮಾರಿ ಬೆಳೆದವರೇ. ಸೈನ್ಯದಲ್ಲಿ ಯಂತ್ರದ ಕೆಲಸ ಕಲಿತು ಬಂದಿದ್ದ ಯುವಕರು, ಕಾಲೇಜು ಹುಡುಗರು, ಗುಮಾಸ್ತರು ಸ್ಪ್ಯಾನರ್ ಹಿಡಿದರು. ಚಾಪ್‌ಮನ್ ಮುಂದೆ ಫಾರ್ಮುಲಾ ಒನ್‌ಗೆ ಹೋಗಿ ಏಳು ಸಲ ತಯಾರಕರ ಪಟ್ಟ ಗೆದ್ದ. ಅದಕ್ಕೆ ಅಡಿಪಾಯ ಹಾಕಿದವರಲ್ಲಿ, ಚಳಿಗಾಲದ ರಾತ್ರಿ ಗ್ಯಾರೇಜಿನಲ್ಲಿ ಕೂತು ಪುಸ್ತಕವನ್ನು ಹಿಂದಿನಿಂದ ಓದಿದ ಈ ಗಿರಾಕಿಗಳೂ ಇದ್ದರು.

ಒಳ್ಳೆಯ ಕಾಲ ಬಹಳ ದಿನ ಇರೋದಿಲ್ಲ. 1959ರಲ್ಲಿ ‘ಮಿನಿ’ ಬಂತು, ಬೆಲೆ ತೆರಿಗೆ ಸೇರಿ 497 ಪೌಂಡಿನೊಳಗೆ. ಬಾಗಿಲು, ಛಾವಣಿ ಎಲ್ಲ ಇದ್ದ, ಮೂಲೆ ತಿರುವುಗಳಲ್ಲಿ ಚೇಷ್ಟೆ ಮಾಡೋ ಕಾರು ಅಷ್ಟಕ್ಕೆ ಸಿಗುವಾಗ ಕೈ ಕೊಳೆ ಮಾಡಿಕೊಳ್ಳೋದು ಯಾಕೆ? 1960ರಲ್ಲಿ ಹತ್ತು ವರ್ಷ ದಾಟಿದ ವಾಹನಗಳಿಗೆ ಕಡ್ಡಾಯ ತಪಾಸಣೆ ಬಂದು ಹಳೆಯ ಆಸ್ಟಿನ್, ಫೋರ್ಡುಗಳ ಮೇಲೆ ಕಟ್ಟಿದ ‘ಸ್ಪೆಷಲ್’ಗಳಿಗೆ ಏಟು ಬಿತ್ತು. ಕೊನೆಯ ಪೆಟ್ಟು 1973ರದ್ದು. ಬ್ರಿಟನ್ ಯುರೋಪಿನ ಆರ್ಥಿಕ ಒಕ್ಕೂಟ ಸೇರಿತು. ಏಪ್ರಿಲ್ 1ರಿಂದ ಖರೀದಿ ತೆರಿಗೆ ಹೋಗಿ ವ್ಯಾಟ್ ಬಂತು. ವ್ಯಾಟ್‌ಗೆ ಕಾರೂ ಒಂದೇ, ಕಿಟ್ಟೂ ಒಂದೇ. ಸಂದು ಮುಚ್ಚಿತು. ಲೋಟಸ್‌ಗೂ ಅಷ್ಟರಲ್ಲಿ ದೊಡ್ಡವರ ಸಾಲಿನಲ್ಲಿ ಕೂರೋ ಆಸೆ ಬಂದಿತ್ತು. ಸುಮಾರು ಎರಡೂವರೆ ಸಾವಿರ ಸೆವೆನ್‌ಗಳನ್ನು ಮಾಡಿದ ಮೇಲೆ, ಅದರ ಹಕ್ಕನ್ನು ಕೇಟರ್‌ಹ್ಯಾಮ್ ಅನ್ನೋ ಊರಿನಲ್ಲಿ ಅದೇ ಹೆಸರಿನ ಕಂಪನಿ ನಡೆಸುತ್ತಿದ್ದ ಗ್ರಹಾಂ ನರ್ನ್ ಅವರ ಕೈಗೆ ಮಾರಿತು.

ಇಲ್ಲಿಗೆ ಕತೆ ಮುಗಿಯಬೇಕಿತ್ತು. ತೆರಿಗೆ ಉಳಿಸೋಕೆ ಹುಟ್ಟಿದ ಚಟ, ತೆರಿಗೆ ಉಳಿಯದ ಮೇಲೆ ಸಾಯಬೇಕು ತಾನೆ? ಸಾಯಲಿಲ್ಲ. ಕೇಟರ್‌ಹ್ಯಾಮ್ ಇವತ್ತಿಗೂ ಅದೇ ಕಾರನ್ನು ತಿದ್ದಿ ತೀಡಿ ಮಾಡುತ್ತಿದೆ, ಕಿಟ್ ಆಗಿಯೂ ಮಾರುತ್ತಿದೆ. ದುಡ್ಡು ಉಳಿಸೋಕೆ ಅಂತ ಶುರು ಮಾಡಿದವರಿಗೆ ನಡುವೆ ಎಲ್ಲೋ ಬೇರೆ ರುಚಿ ಹತ್ತಿತ್ತು. 1996ರಲ್ಲಿ ರಾನ್ ಚಾಂಪಿಯನ್ ಎಂಬುವರು ಒಂದು ಪುಸ್ತಕ ಬರೆದರು, ಬರೀ 250 ಪೌಂಡಿನಲ್ಲಿ ನಿಮ್ಮ ಸ್ಪೋರ್ಟ್ಸ್ ಕಾರು ನೀವೇ ಕಟ್ಟಿ ಅಂತ. ಅದರಲ್ಲಿ ಕಿಟ್ಟೂ ಇಲ್ಲ. ಒಂದಿಂಚು ಚೌಕದ ಉಕ್ಕಿನ ಕೊಳವೆ ತನ್ನಿ, ಕತ್ತರಿಸಿ, ಬೆಸೆಯಿರಿ, ಗುಜರಿಗೆ ಹೊರಟ ಒಂದು ಫೋರ್ಡ್ ಎಸ್ಕಾರ್ಟ್ ತಂದು ಅದರ ಅಂಗಾಂಗ ಕಸಿ ಮಾಡಿ ಅಂತ ಲೆಕ್ಕ. ‘ಲೋಕಾಸ್ಟ್’ ಅಂತಲೇ ಈ ಕಾರುಗಳಿಗೆ ಹೆಸರು ಬಿತ್ತು. ಸೆವೆನ್‌ನ ಬಡ ತಮ್ಮ ಅನ್ನಿ. 2007ರಲ್ಲಿ ಕ್ರಿಸ್ ಗಿಬ್ಸ್ ಇದನ್ನೇ ಫೋರ್ಡ್ ಸಿಯೆರಾದ ಭಾಗಗಳಿಗೆ ಹೊಂದಿಸಿ ಇನ್ನೊಂದು ಪುಸ್ತಕ ಬರೆದರು.

ನನ್ನ ಹತ್ತಿರ ಈ ಎರಡೂ ಪುಸ್ತಕ ಇದ್ದವು. ಜೊತೆಗೆ ಒಂದು ಹಳೆಯ ಸಿಯೆರಾ.

*

ಮೊದಲ ಆರು ತಿಂಗಳು ಕಾರು ಅನ್ನೋ ಹಂಗೆ ಏನೂ ಇರಲಿಲ್ಲ. ದಪ್ಪ ಹಲಗೆಯ ಮೇಲೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು, ಗೆರೆಯ ಮೇಲೆ ಕೊಳವೆ ಇಟ್ಟು, ಅಲ್ಲಾಡದಂತೆ ಮರದ ತುಂಡು ಹೊಡೆದು ಬೆಸೆಯೋದು. ವೆಲ್ಡಿಂಗ್ ನನಗೆ ಸಂಜೆ ಕ್ಲಾಸಿನಲ್ಲಿ ಕಲಿತಷ್ಟೇ ಗೊತ್ತು. ವಿಡಿಯೊ ಕಾಲಿನಲ್ಲಿ ತೋರಿಸಿದಾಗ ಅಪ್ಪ ಕನ್ನಡಕ ಏರಿಸಿಕೊಂಡು ಫೋನಿನ ಹತ್ತಿರ ಬಂದ್ರು. “ಒಂದು ಕಡೆಯಿಂದ ಪೂರ್ತಿ ಬೆಸ್ಕೊಂಡು ಹೋಗ್ಬೇಡ ಕಣೋ. ಬಿಸಿಗೆ ಎಳೆಯುತ್ತೆ, ತಿರುಚ್ಕೊಳ್ಳುತ್ತೆ. ಮೊದಲು ಎಲ್ಲಾ ಕಡೆ ಒಂದೊಂದು ಚುಕ್ಕೆ ಹಾಕು, ಅಳತೆ ನೋಡು, ಆಮೇಲೆ ಎದುರು-ಬದುರು ಮಾಡು.” ಪುಸ್ತಕದಲ್ಲೂ ಹಾಗೇ ಇತ್ತು. ನಾನು ಓದಿರಲಿಲ್ಲ.

ಒಂದು ದಿನ ಪಕ್ಕದ ಮನೆಯ ಹಿರಿಯರು ಬಂದರು. ಪಂಜರ ಮುಗಿದಿತ್ತು, ಬಣ್ಣ ಹೊಡೆಯೋದಷ್ಟೇ ಬಾಕಿ. ನಾನು ಹೆಮ್ಮೆಯಿಂದ ನಿಂತಿದ್ದೆ. ಅವರು ಸುತ್ತ ಒಂದು ಸುತ್ತು ಬಂದು, ಸುತ್ತಿಗೆ ಕೇಳಿ ತೆಗೆದುಕೊಂಡು, ಎಡಗಡೆ ಸೀಟ್ ಬೆಲ್ಟ್ ಬಿಗಿಯೋ ಪಟ್ಟಿಗೆ ಒಂದೇ ಒಂದು ಏಟು ಹಾಕಿದರು. ಪಟ್ಟಿ ಟಣ್ ಅಂತ ಕೆಳಗೆ ಬಿತ್ತು. ಬೆಸುಗೆ ಮೇಲೆ ನೋಡೋಕೆ ಚೆಂದವಾಗಿತ್ತು. ಆದರೆ ಲೋಹದ ಒಳಕ್ಕೆ ಇಳಿದೇ ಇರಲಿಲ್ಲ.

ಸ್ಟೀರಿಂಗ್ ಬಲಕ್ಕೆ. ಎಡಗಡೆಯ ಆ ಸೀಟಿನಲ್ಲಿ ನನ್ನ ಮಗಳು ಕೂರಬೇಕಿತ್ತು, ಅವಳು ಒಂಚೂರು ದೊಡ್ಡವಳಾದ ಮೇಲೆ. ಅವಳಿಗೆ ಆಗ ಐದು ವರ್ಷ. ಆ ರಾತ್ರಿ ನಿದ್ದೆ ಬರಲಿಲ್ಲ. ಮಾರನೇ ವಾರ ಅನುಮಾನ ಇದ್ದ ಬೆಸುಗೆಗಳನ್ನೆಲ್ಲ ಉಜ್ಜಿ ತೆಗೆದು ಮತ್ತೆ ಮಾಡಿದೆ. ಮುಖ್ಯವಾದ ಜಾಗಗಳನ್ನು ಕಸುಬುದಾರ ವೆಲ್ಡರ್ ಒಬ್ಬರ ಕೈಲಿ ಮಾಡಿಸಿದೆ.

ಮನೆಯಲ್ಲಿ ಕಟ್ಟಿದ ಕಾರನ್ನು ಸರಕಾರ ಯಾಕೆ ತಪಾಸಣೆ ಮಾಡಬೇಕು ಅಂತ ಗೊಣಗೋರು ಅಲ್ಲೂ ಇದ್ದಾರೆ. ಆ ಪಟ್ಟಿ ನೆಲಕ್ಕೆ ಬಿದ್ದ ಸದ್ದು ಕೇಳಿದ ಮೇಲೆ ನಾನಂತೂ ಗೊಣಗಲಿಲ್ಲ. 1998ರಲ್ಲಿ ಬ್ರಿಟನ್ನು ಇಂಥ ಒಂಟಿ ಕಾರುಗಳಿಗೆ ಅಂತಲೇ ಒಂದು ಪರೀಕ್ಷೆ ತಂದಿತು. 2009ರಲ್ಲಿ ಅದು ಇನ್ನಷ್ಟು ಬಿಗಿಯಾಗಿ ‘ಐವಿಎ’ ಆಯಿತು. ಅಪಾಯ ಅಂತ ಬಾಗಿಲನ್ನೇ ಹಾಕಿಬಿಡಬಹುದಿತ್ತು, ಹಾಕಲಿಲ್ಲ. ‘ಕಟ್ಟಿಕೋ, ಆದರೆ ತಂದು ತೋರಿಸು’ ಅಂದರು. ಕಾರನ್ನು ನೀವೇ ಕಟ್ಟಿದ್ದು ಅನ್ನೋಕೆ ಫೋಟೊ, ರಸೀದಿ ಎಲ್ಲ ಬೇಕು. ಬ್ರೇಕು, ದೀಪ, ಬೆಲ್ಟು, ಹೊಗೆ, ಸದ್ದು ಎಲ್ಲ ನೋಡುತ್ತಾರೆ. ದಾರಿಹೋಕರಿಗೆ ತಗಲುವಂಥ ಹೊರಗಿನ ಅಂಚುಗಳು ಕನಿಷ್ಠ 2.5 ಮಿಲಿಮೀಟರ್ ತ್ರಿಜ್ಯದಷ್ಟಾದರೂ ದುಂಡಗಿರಬೇಕು.

ನಾನು ಮೊದಲ ಸಲ ಫೇಲ್. ಒಂದು ಕನ್ನಡಿ ಸರಿಯಾಗಿ ತೋರಿಸುತ್ತಿರಲಿಲ್ಲ, ಎರಡು ಕಡೆ ಅಂಚು ಚೂಪಾಗಿತ್ತು, ತಿರುಗಿಸಿ ಕೈ ಬಿಟ್ಟರೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುತ್ತಿರಲಿಲ್ಲ. ತಪಾಸಣೆ ಮಾಡಿದವರು ಬೈಯಲಿಲ್ಲ. ಯಾವುದು, ಯಾಕೆ ಅಂತ ಪಟ್ಟಿ ಬರೆದು ಕೊಟ್ಟರು. ಎರಡನೇ ಸಲ ಪಾಸ್. ನಂಬರ್ ಪ್ಲೇಟ್ ಬಿಗಿದ ದಿನ ಮಳೆ. ಕಾರಿಗೆ ಛಾವಣಿ ಇಲ್ಲ. ಪರವಾಗಿಲ್ಲ ಅಂತ ಹೊರಟೆ, ತೊಪ್ಪೆಯಾಗಿ ಬಂದೆ. ಅಷ್ಟು ಖುಷಿ ಯಾವ ಪ್ರಮೋಷನ್ನಿನಲ್ಲೂ ಸಿಕ್ಕಿರಲಿಲ್ಲ.

*

ಆ ಹಿರಿಯರ ಜೊತೆ ಚಹಾ ಕುಡಿಯುವಾಗ ಒಂದು ಸಲ ನಮ್ಮನೆಯ ಹಳೆಯ ಕಾರಿನ ಮಾತು ಬಂತು. ನಾನು ಚಿಕ್ಕವನಿದ್ದಾಗ ಅಪ್ಪನ ಹತ್ತಿರ ಒಂದು ಸೆಕೆಂಡ್ ಹ್ಯಾಂಡ್ ಡಾಲ್ಫಿನ್ ಇತ್ತು. ಬೆಂಗಳೂರಿನ ಸಿಪಾನಿ ಕಂಪನಿ 1982ರಲ್ಲಿ ಬಿಟ್ಟ ಎರಡು ಬಾಗಿಲಿನ ಪುಟ್ಟ ಕಾರು. ಮೈಯೆಲ್ಲ ಫೈಬರ್ ಗ್ಲಾಸು. ಬೀದಿಯ ಹುಡುಗರು ಬಂದು ಬೆರಳಿನ ಗಿಣ್ಣಿನಿಂದ ಟಕ್ ಟಕ್ ಅನ್ನಿಸಿ ನೋಡುತ್ತಿದ್ದರು. ಭಾನುವಾರ ಅಪ್ಪ ಬಾನೆಟ್ ಎತ್ತಿ ಪ್ಲಗ್ ಒರೆಸುತ್ತಾ ಕೂರುತ್ತಿದ್ದರು, ನಾನು ಸ್ಪ್ಯಾನರ್ ಎತ್ತಿಕೊಡುತ್ತಿದ್ದೆ.

“ಅದು ರಿಲಯಂಟ್ ಕಿಟನ್ ಅಲ್ವಾ!” ಅಂದ್ರು ಅವರು. ಹೌದು. ಇಂಗ್ಲೆಂಡಿನ ಟ್ಯಾಮ್‌ವರ್ತ್‌ನ ರಿಲಯಂಟ್ ಕಂಪನಿಯ ಕಿಟನ್ ಕಾರಿನ ವಿನ್ಯಾಸವನ್ನೇ ಸಿಪಾನಿಯವರು ತಂದದ್ದು. ಎಂಜಿನ್ನು 848 ಸಿಸಿ. ರಿಲಯಂಟ್ ಮೊದಲು ಮೂರು ಚಕ್ರದ ಗಾಡಿ ಮಾಡುತ್ತಿತ್ತು. ಅದಕ್ಕೆ ಹಾಕುತ್ತಿದ್ದದ್ದು ಆಸ್ಟಿನ್ ಸೆವೆನ್‌ನ ಎಂಜಿನ್ನು. ಆಸ್ಟಿನ್‌ನವರು ಅದನ್ನು ನಿಲ್ಲಿಸಿದಾಗ ರಿಲಯಂಟ್ ತಾನೇ ಮಾಡಿಕೊಳ್ಳತೊಡಗಿತು. 1962ರಲ್ಲಿ ಅದೇ ಎಂಜಿನ್ನಿನ ಜಾಡಿನಲ್ಲಿ ಹಗುರ ಅಲ್ಯೂಮಿನಿಯಂ ಎಂಜಿನ್ನು ಮಾಡಿತು. ಅದು ಬೆಳೆದು ಬೆಳೆದು 848 ಸಿಸಿ ಆಯಿತು. 750 ಕ್ಲಬ್ಬಿನ ರೇಸುಗಾರರು ಆಸ್ಟಿನ್ ಎಂಜಿನ್ನು ಸಿಗದಾದ ಮೇಲೆ ರಿಲಯಂಟ್ ಎಂಜಿನ್ನಿಗೇ ಬಂದರು.

ಅಂದ್ರೆ ಮಸ್ವೆಲ್ ಹಿಲ್‌ನ ಗ್ಯಾರೇಜಿನಲ್ಲಿ ಚಾಪ್‌ಮನ್ ಬಿಚ್ಚಿದ ಎಂಜಿನ್ನಿನ ವಂಶದ್ದೇ ಒಂದು ಕುಡಿ ಬೆಂಗಳೂರಿನಲ್ಲಿ ನಮ್ಮ ಮನೆ ಮುಂದೆ ನಿಂತಿತ್ತು. ಅಲ್ಲಿ ಅದು ಎಷ್ಟೋ ಹುಡುಗರನ್ನು ಕಾರು ಕಟ್ಟುವವರನ್ನಾಗಿ ಮಾಡಿತು. ಇಲ್ಲಿ ಅದು ಭಾನುವಾರ ಪ್ಲಗ್ ಒರೆಸೋ ಎಂಜಿನ್ನಾಗಿಯೇ ಉಳಿಯಿತು. 1983ರ ಡಿಸೆಂಬರಿನಲ್ಲಿ ಮಾರುತಿ ಬಂದ ಮೇಲಂತೂ ಕಾರು ಅಂದ್ರೆ ಬುಕ್ ಮಾಡೋ ವಸ್ತು, ಅಷ್ಟೇ.

ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ರು, “ನಮ್ಮ ಟೂಲ್ ರೂಮಿನ ಹತ್ತು ಜನ ಕೂತಿದ್ರೆ ನಿನ್ನ ಪಂಜರಾನ ಎರಡು ತಿಂಗಳಲ್ಲಿ ಎಬ್ಬಿಸ್ತಿದ್ವಿ. ಆದ್ರೆ ಅದಕ್ಕೆ ನಂಬರ್ ಪ್ಲೇಟ್ ಯಾರು ಕೊಡ್ತಿದ್ರು?”

ಪ್ರಶ್ನೆ ಅಷ್ಟೇ. ಉತ್ತರವೂ ಅದರಲ್ಲೇ ಇದೆ.

ಬಿಡಿಭಾಗ ತಂದು ಜೋಡಿಸೋದು ನಮಗೆ ಹೊಸದೇನಲ್ಲ. 1928ರಲ್ಲೇ ಜನರಲ್ ಮೋಟಾರ್ಸ್ ಮುಂಬಯಿಯ ಸೇವ್ರಿಯಲ್ಲಿ ಹಡಗಿನಲ್ಲಿ ಬಂದ ಪೆಟ್ಟಿಗೆಗಳಿಂದ ಷೆವರ್ಲೆ ಜೋಡಿಸುತ್ತಿತ್ತು. ಇವತ್ತಿಗೂ ವಿದೇಶಿ ಐಷಾರಾಮಿ ಕಾರು ಪೂರ್ತಿಯಾಗಿ ಬಂದರೆ ಒಂದು ಸುಂಕ, ಬಿಡಿಭಾಗವಾಗಿ ಬಂದು ಇಲ್ಲಿ ಜೋಡಣೆಯಾದರೆ ಬಹಳ ಕಡಿಮೆ ಸುಂಕ. ಚಾಪ್‌ಮನ್ ನುಗ್ಗಿದಂಥದ್ದೇ ಸಂದು ನಮ್ಮಲ್ಲೂ ಇದೆ. ಆದರೆ ಅದು ಕಾರ್ಖಾನೆ ನುಗ್ಗುವಷ್ಟು ದೊಡ್ಡದು, ಮನುಷ್ಯ ನುಗ್ಗುವಷ್ಟು ಸಣ್ಣದಲ್ಲ. ನಮ್ಮ ಮೋಟಾರು ನಿಯಮಗಳಲ್ಲಿ ಕಾರು ಮಾಡೋನು ಅಂದ್ರೆ ‘ತಯಾರಕ’. ಅವನು ಮಾದರಿ ಕಾರನ್ನು ಪುಣೆಯ ಎಆರ್‌ಎಐನಂಥ ಸಂಸ್ಥೆಗೆ ಕೊಟ್ಟು ಪರೀಕ್ಷೆ ಮಾಡಿಸಬೇಕು. ಸಾವಿರಗಟ್ಟಲೆ ಕಾರು ಮಾರೋರಿಗೆ ಸರಿ. ಜೀವನದಲ್ಲಿ ಒಂದೇ ಒಂದು ಕಾರನ್ನು ತನಗಾಗಿ ಕಟ್ಟಿಕೊಂಡವನಿಗೆ ಅಂತ ಬರೆದ ದಾರಿ ಅಲ್ಲಿಲ್ಲ. ಇರೋ ಕಾರನ್ನು ಬದಲಾಯಿಸೋಕೂ 1988ರ ಕಾಯ್ದೆಯ 52ನೇ ಕಲಂ ಅಡ್ಡ ನಿಲ್ಲುತ್ತೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಬದಲಾಯಿಸುವಂತಿಲ್ಲ ಅಂದಿತು.

ಇದರಲ್ಲಿ ತಪ್ಪಿದೆ ಅಂತ ಸುಲಭವಾಗಿ ಹೇಳಲಾರೆ. ನನ್ನದೇ ಬೆಸುಗೆ ಬಿದ್ದದ್ದನ್ನು ನೋಡಿದವನು ನಾನು. ನಮ್ಮ ರಸ್ತೆಗಳಲ್ಲಿ ಅಂಥ ಬೆಸುಗೆಗಳು ಓಡಾಡಬಾರದು. ಆದರೆ ‘ಬೇಡ’ ಅನ್ನೋದಕ್ಕೂ ‘ತಂದು ತೋರಿಸು’ ಅನ್ನೋದಕ್ಕೂ ವ್ಯತ್ಯಾಸ ಇದೆ. ‘ತಂದು ತೋರಿಸು’ ಅಂದರೆ ಜನ ಕಲಿಯುತ್ತಾರೆ, ಫೇಲಾಗುತ್ತಾರೆ, ತಿದ್ದಿಕೊಳ್ಳುತ್ತಾರೆ. ‘ಬೇಡ’ ಅಂದರೆ ಕೈಗಳು ಸುಮ್ಮನಾಗುತ್ತವೆ. ಎಚ್‌ಎಂಟಿ, ಎಚ್‌ಎಎಲ್, ಬಿಇಎಲ್ ಅಂತ ಮೈಕ್ರಾನ್ ಲೆಕ್ಕದಲ್ಲಿ ಲೋಹ ತಿದ್ದುವ ಕೈಗಳು ಇದೇ ಬೆಂಗಳೂರಿನಲ್ಲಿ ಸಾವಿರಾರು ಇದ್ದವು. ಜೆ.ಸಿ. ರಸ್ತೆಯಲ್ಲಿ ಬಿಡಿಭಾಗ, ಶಿವಾಜಿನಗರದಲ್ಲಿ ಗುಜರಿ, ಬೀದಿಗೊಬ್ಬ ವೆಲ್ಡರ್. ಒಂದು ಕಾರಿಗೆ ಬೇಕಾದದ್ದೆಲ್ಲ ಇತ್ತು, ಕಾಗದವೊಂದನ್ನು ಬಿಟ್ಟು. ನಾವು ನಮ್ಮ ಕಂಪನಿಗಳಲ್ಲಿ ಇನೊವೇಷನ್ ಅಂತ ವರ್ಷಕ್ಕೊಂದು ಹಬ್ಬ ಮಾಡ್ತೀವಲ್ಲ, ಆಗೆಲ್ಲ ನನಗೆ ಈ ಕಾಗದವೇ ನೆನಪಾಗುತ್ತೆ.

2014ರಲ್ಲಿ ವಾಪಸ್ ಬಂದೆವು. ಕಾರನ್ನು ತರುವಂತಿರಲಿಲ್ಲ, ತಂದಿದ್ದರೂ ಇಲ್ಲಿ ಓಡಿಸುವಂತಿರಲಿಲ್ಲ. ಆ ಊರಿನ ಒಬ್ಬ ಹುಡುಗನಿಗೆ ಮಾರಿದೆ. ಅದಕ್ಕೂ ಮುಂಚೆ, ಆ ಬೇಸಿಗೆಯಲ್ಲಿ ಒಂದು ಬಿಸಿಲಿನ ಭಾನುವಾರ ಮಗಳನ್ನು ಎಡಗಡೆ ಕೂರಿಸಿಕೊಂಡು ಊರ ಸುತ್ತ ನಿಧಾನಕ್ಕೆ ಒಂದು ಸುತ್ತು ಹಾಕಿದೆ. ಅವಳು ಆ ಬೆಲ್ಟಿನ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದಳು.

ಪುಸ್ತಕಗಳನ್ನು ಮಾತ್ರ ತಂದೆ. ಅವು ಅಪ್ಪನ ಕೋಣೆಗೆ ಹೋದವು. ಮೊನ್ನೆ ಏನೋ ಹುಡುಕುವಾಗ ಚಾಂಪಿಯನ್ನರ ಪುಸ್ತಕ ಕೈಗೆ ಬಂತು, ತೆರೆದೆ. ಪಂಜರದ ಚಿತ್ರ ಇರೋ ಪುಟಗಳಲ್ಲಿ ಒಂದೊಂದು ಕೀಲಿನ ಪಕ್ಕವೂ ಸಣ್ಣದಾಗಿ ಪೆನ್ಸಿಲ್ ಅಂಕಿಗಳಿದ್ದವು. 1, 2, 3... ಯಾವುದು ಮೊದಲು ಬೆಸೆಯಬೇಕು, ಯಾವುದು ಆಮೇಲೆ ಅಂತ. ಕೆಲವು ಕಡೆ ಅಳಿಸಿ ಮತ್ತೆ ಬರೆದಿದ್ದರು.

“ಇದು ಯಾಕಪ್ಪ?” ಅಂತ ಕೇಳಿದೆ.

“ಸುಮ್ನೆ ಕಣೋ,” ಅಂದ್ರು. “ಅವರು ಹಾಕಿರೋ ಕ್ರಮಕ್ಕಿಂತ ಇದು ಒಳ್ಳೇದು. ತಿರುಚಲ್ಲ.”